ಗಂಧ ಹಚ್ಚಿದ ಬ್ಯಾಟರಿ

ಎನ್.ಆರ್. ಕಾಲೋನಿಯಲ್ಲಿ ಫಿಸಿಕ್ಸ್ ಮೇಷ್ಟ್ರು ಎಂದರೆ ಶ್ರೀನಿವಾಸಯ್ಯನವರೇ. ಮೂವತ್ತೆರಡು ವರ್ಷ ಒಂದೇ ಪ್ರೌಢಶಾಲೆಯಲ್ಲಿ ಓಮನ ನಿಯಮ ಪಾಠ ಮಾಡಿ, ಬೋರ್ಡಿನ ಮೇಲೆ ಸಾವಿರಾರು ಬಲ್ಬು ಬರೆದು, ಒಂದನ್ನೂ ಹೊತ್ತಿಸದೆ ನಿವೃತ್ತರಾದವರು. ಪ್ರಯೋಗಾಲಯದ ಬೀರುವಿನ ಬೀಗದ ಕೈ ಸದಾ ಅವರ ಜನಿವಾರದಲ್ಲಿರುತ್ತಿತ್ತು. ಆಯುಧಪೂಜೆಯ ದಿನ ಬೀರು ತೆರೆದು, ಅಮ್ಮೀಟರಿಗೆ ಕುಂಕುಮವಿಟ್ಟು, ಹೂ ಮುಡಿಸಿ, ಮಂಗಳಾರತಿ ಎತ್ತಿ, ಮತ್ತೆ ಬೀಗ. ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತವಲ್ಲ. ಪ್ರಾಕ್ಟಿಕಲ್ ರೆಕಾರ್ಡನ್ನು ಹಿಂದಿನ ವರ್ಷದವರದ್ದು ನೋಡಿ ಬರೆದರೆ ಸಾಕಿತ್ತು. ಅಂಕ ಕೊಡುವುದರಲ್ಲಿ ಅವರು ಎಂದೂ ಜಿಪುಣರಲ್ಲ.

ಇಂಥವರನ್ನು ಬಡಾವಣೆಯ ವಾಚನಾಲಯದವರು, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪ್ರಯೋಗ ಮಾಡಿಸಿ ಎಂದು ಕೇಳಿದರು. ಶಾಲು ಹೊದಿಸಿ ಕೇಳಿದ್ದರಿಂದ ಮೇಷ್ಟ್ರು ಒಪ್ಪಿಬಿಟ್ಟರು. ಮನೆಗೆ ಬಂದ ಮೇಲೆ ವಿಷಯ ತಲೆಗೆ ಹೋಯಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಹೆಸರು ಒಂದು ಪುಟ್ಟ ಎಲ್‌ಇಡಿಯ ಮುಂದೆ ಮಣ್ಣುಪಾಲಾಗುವುದರಲ್ಲಿತ್ತು. ಕೈಯಲ್ಲಿದ್ದದ್ದು ಮೂರು ವಾರ.

ಲೆಕ್ಕ ಅವರಿಗೆ ನೀರು ಕುಡಿದಷ್ಟು ಸುಲಭ. ಒಂಬತ್ತು ವೋಲ್ಟಿನ ಬ್ಯಾಟರಿಗೆ ಜೋಡಿಸಿದ ಕೆಂಪು ಎಲ್‌ಇಡಿ ಸುಟ್ಟುಹೋಗಬಾರದೆಂದರೆ, ಕರೆಂಟನ್ನು ಮಿತಿಯಲ್ಲಿಡಲು ಮುನ್ನೂರೈವತ್ತು ಓಮಿನ ರೆಸಿಸ್ಟರ್ ಬೇಕು. ಎಸ್.ಪಿ. ರಸ್ತೆಯ ಅಂಗಡಿಯವನು ಮುನ್ನೂರ ಮೂವತ್ತರದ್ದು ಕೊಟ್ಟ. ಮೇಷ್ಟ್ರು ಮುಖ ಸಿಂಡರಿಸಿ ಹಿಂದಿರುಗಿಸಿದರು. ಆರು ಅಂಗಡಿ ಹತ್ತಿಳಿದರೂ ಮುನ್ನೂರೈವತ್ತು ಸಿಗಲಿಲ್ಲ. ಏಳನೆಯವನು, "ಆ ನಂಬರಲ್ಲಿ ಬರೋದೇ ಇಲ್ಲ ಸಾರ್, ಇದನ್ನೇ ಹಾಕ್ಕೊಳಿ, ನಡೆಯತ್ತೆ" ಎಂದ. ದೇಶ ಕೆಟ್ಟಿರುವುದು ಇಂಥ ಅಂದಾಜಿನವರಿಂದಲೇ ಎಂದು ಗೊಣಗುತ್ತ ಅದನ್ನೇ ಕೊಂಡರು.

ಮನೆಯಲ್ಲಿ ರಾಹುಕಾಲ ಕಳೆಯುವವರೆಗೆ ಕಾದು, ಸಾಮಾನನ್ನೆಲ್ಲ ದೇವರ ಮುಂದಿಟ್ಟರು. ಬ್ಯಾಟರಿಯ ತಲೆಯ ಮೇಲಿನ ಎರಡು ಲೋಹದ ಗುಂಡಿಗಳಿಗೂ ಧಾರಾಳವಾಗಿ ಗಂಧ ಹಚ್ಚಿ, ಕುಂಕುಮವಿಟ್ಟು, ಚೆನ್ನಾಗಿ ಒಣಗಿದ ಮೇಲೆ ತಂತಿ ಸಿಕ್ಕಿಸಿದರು. ಎಲ್‌ಇಡಿ ಹತ್ತಲಿಲ್ಲ. ಲೆಕ್ಕವನ್ನು ಎಂಟು ಸಲ ತಾಳೆ ನೋಡಿದರು, ತಪ್ಪಿರಲಿಲ್ಲ. ಲೆಕ್ಕ ಸರಿಯಿದ್ದ ಮೇಲೆ ತಪ್ಪು ಎಲ್‌ಇಡಿಯದ್ದೇ. ಹೀಗೆ ಹನ್ನೊಂದು ಎಲ್‌ಇಡಿಗಳು ಒಂದರ ಹಿಂದೊಂದು ನಪಾಸಾದವು. ಹೆಂಡತಿ ಚೂಡಾಮಣಿ, ಗೊತ್ತಿರುವವರನ್ನು ಯಾರನ್ನಾದರೂ ಕೇಳಬಾರದೇ ಎಂದರು. ಗೊತ್ತಿರುವವನು ನಾನೇ ಎಂದುಕೊಂಡು ಮೇಷ್ಟ್ರು ಎರಡು ವಾರ ಕಳೆದರು.

ಕೊನೆಗೆ ಒಂದು ಭಾನುವಾರ, ಗುರುತಿನವರ ಕಣ್ಣಿಗೆ ಬೀಳಬಾರದೆಂದು ಆ ಬಿಸಿಲಿನಲ್ಲೂ ಮಂಕಿ ಟೋಪಿ ಹಾಕಿಕೊಂಡು ಚಾಮರಾಜಪೇಟೆಗೆ ಹೋದರು. ಅಲ್ಲಿ ಹೇಮಶ್ರೀ ಎಂಬಾಕೆ ಮಿಕ್ಸಿ, ರೇಡಿಯೊ ರಿಪೇರಿ ಮಾಡುತ್ತ, ಹೊಸಬರಿಗೆ ಪ್ರಯೋಗ ಹೇಳಿಕೊಡುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೇ ಫೇಲಾದವಳು. ಬ್ಯಾಟರಿಯನ್ನು ಒಮ್ಮೆ ನೋಡಿದವಳೇ ದುಪಟ್ಟಾದ ಅಂಚಿನಿಂದ ಗಂಧ ಉಜ್ಜಿ ತೆಗೆದು ತಂತಿ ಹಾಕಿದಳು. ಎಲ್‌ಇಡಿ ಕೆಂಪಗೆ ಹತ್ತಿತು. ಮೇಷ್ಟ್ರು ಅದನ್ನು ಕಿತ್ತು ತಮ್ಮ ಕೈಯಾರೆ ಜೋಡಿಸಿದರು. ಮತ್ತೂ ಹತ್ತಿತು. ಅರವತ್ತೆಂಟರ ಮೇಷ್ಟ್ರು ಇನ್ನೊಮ್ಮೆ ಕಿತ್ತರು, ಇನ್ನೊಮ್ಮೆ ಜೋಡಿಸಿದರು. ಆದರೂ ಒಣಗಿದ ಗಂಧ ಕರೆಂಟನ್ನು ಹರಿಯಗೊಡುವುದಿಲ್ಲ ಎಂದು ಆಕೆಗೇ ಐದು ನಿಮಿಷ ಪಾಠ ಮಾಡಿ ಹೊರಟರು. ಆಕೆ ಹ್ಞೂಂಗುಟ್ಟಿದಳು.

ಶನಿವಾರ ವಾಚನಾಲಯ ತುಂಬಿತ್ತು. ಮುಂದೆ ಮಕ್ಕಳು, ಹಿಂದೆ ಅಪ್ಪಂದಿರು. ಅಪ್ಪಂದಿರಲ್ಲಿ ಅರ್ಧ ಜನ ಮೇಷ್ಟ್ರ ಹಳೆಯ ಶಿಷ್ಯರು. ಪ್ರಾಕ್ಟಿಕಲ್ಲಿನಲ್ಲಿ ಪೂರ್ತಿ ಅಂಕ ಪಡೆದಿದ್ದ ಮಧುಸೂದನ್ ಫೋನೆತ್ತಿ ವಿಡಿಯೊ ಮಾಡುತ್ತಿದ್ದ. ಎಲ್‌ಇಡಿ ಹತ್ತಿತು, ಚಪ್ಪಾಳೆ ಬಿತ್ತು, ಹೆಸರು ಉಳಿಯಿತು. ಆಗ ಮಧುಸೂದನನ ಮಗಳು ಧೃತಿ ಕೇಳಿದಳು: "ತಾತ, ನೀವು ಫಸ್ಟ್ ಟೈಮ್ ಇದನ್ನ ಯಾವಾಗ ಹಚ್ಚಿದ್ರಿ?"

ಎಂಟನೇ ವಯಸ್ಸಿನಲ್ಲಿ ಎಂದುಬಿಟ್ಟರೆ ಮುಗಿಯುತ್ತಿತ್ತು, ಯಾರೂ ಅನುಮಾನಿಸುತ್ತಿರಲಿಲ್ಲ. ಆದರೆ ಭಾನುವಾರದ ಆ ಕೆಂಪು ಇನ್ನೂ ಮೇಷ್ಟ್ರ ಕಣ್ಣಲ್ಲಿತ್ತು. ತಡೆದುಕೊಳ್ಳುವ ಮೊದಲೇ ಬಾಯಿಗೆ ಬಂದುಬಿಟ್ಟಿತು.

"ಹೋದ ಭಾನುವಾರ ಕಣಮ್ಮ."

ಮೇಷ್ಟ್ರು ತಮಾಷೆ ಮಾಡಿದರೆಂದು ಅಪ್ಪಂದಿರು ಗೊಳ್ಳೆಂದು ನಕ್ಕರು. ಧೃತಿ ಮಾತ್ರ ನಗಲಿಲ್ಲ. ಹಿಂದಕ್ಕೆ ತಿರುಗಿ, "ಅಪ್ಪಾ, ನೀನು?" ಎಂದಳು.

ಮಧುಸೂದನ್ ಫೋನು ಕೆಳಗಿಳಿಸಿದ.