ನಾಗರತ್ನ ಮೇಡಂ ಮತ್ತು ನಿಲ್ಲದ ಕಮಾನು

ನಾಗರತ್ನ ಮೇಡಂ ಜೀವಮಾನವಿಡೀ ಸೂರ್ಯನನ್ನು ಅಧ್ಯಯನ ಮಾಡಿದ ವಿಜ್ಞಾನಿ. ಬಿಸಿಲು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. ಬೂದಿಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಷ್ಟು ಕಾಲವೂ ಅವರು ಕಿಟಕಿಯ ಪರದೆ ಸರಿಸಿದ್ದನ್ನು ನಾನು ನೋಡಲಿಲ್ಲ. ಹಾಲು ತರಲು ಹೋದರೂ ಕಪ್ಪು ಛತ್ರಿ. ಕೇಳಿದರೆ, "ಆಫೀಸಲ್ಲಿ ದಿನಾ ನೋಡ್ತೀನಲ್ಲಪ್ಪ, ಸಾಕು" ಎನ್ನುತ್ತಿದ್ದರು.

ನಮ್ಮಮ್ಮನಿಗೆ ಅವರ ಮೇಲೆ ಅಪಾರ ಭರವಸೆ. ಹಪ್ಪಳ ಒಣಹಾಕುವ ಮುನ್ನ ಮೆಟ್ಟಿಲ ಕೆಳಗೆ ನಿಂತು, "ಇವತ್ತು ಬಿಸ್ಲು ಹೆಂಗಮ್ಮ?" ಎಂದು ಕೂಗುತ್ತಿದ್ದಳು. "ನಂಗೊತ್ತಿಲ್ಲಮ್ಮ, ಮೋಡ ನನ್ ಡಿಪಾರ್ಟ್‌ಮೆಂಟ್ ಅಲ್ಲ" ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. ಅಮ್ಮ ಅದನ್ನು ವಿನಯವೆಂದು ತಿಳಿದು ಮರುದಿನ ಮತ್ತೆ ಕೇಳುತ್ತಿದ್ದಳು.

ಹಾಗಾದರೆ ನಿಮ್ಮ ಕೆಲಸವೇನೆಂದು ಒಮ್ಮೆ ವಿಚಾರಿಸಿಯೇ ಬಿಟ್ಟಳು.

"ಒಲೆಯಿಂದ ದೂರ ಹೋದ್ರೆ ತಣ್ಣಗಾಗ್ಬೇಕು ತಾನೇ ಅಮ್ಮ? ಸೂರ್ಯನ ಮೈಗಿಂತ ಅದರ ಸುತ್ತ ಇರೋ ಕರೋನಾ ಅನ್ನೋ ಹೊದಿಕೆನೇ ಜಾಸ್ತಿ ಬಿಸಿ. ಯಾಕೆ ಅಂತ ಹುಡುಕೋದೇ ನನ್ ಕೆಲಸ."

"ಸಿಕ್ತಾ?"

"ಇನ್ನೂ ಇಲ್ಲ."

"ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ಒಳ್ಳೇ ಜನ" ಎಂದಳು ಅಮ್ಮ.

ಆ ಕರೋನಾದಲ್ಲಿ ಪ್ಲಾಸ್ಮಾ ಎಂಬ ಕುದಿಯುವ ಅನಿಲ ಹರಿಯುವ ದೊಡ್ಡ ದೊಡ್ಡ ಕಮಾನುಗಳಿರುತ್ತವಂತೆ. ಪಕ್ಕದಲ್ಲೇನಾದರೂ ಸಿಡಿದರೆ ಅವು ಒಂದಷ್ಟು ಹೊತ್ತು ತೂಗಾಡಿ ನಿಲ್ಲುತ್ತವೆ. ಮೇಡಂಗೆ ಸಿಕ್ಕಿದ ಕಮಾನು ನಿಲ್ಲಲೇ ಇಲ್ಲ. ಯಾವುದೋ ಶಕ್ತಿ ಅದನ್ನು ಒಂದೇ ಸಮನೆ ಅಲುಗಾಡಿಸುತ್ತಿದೆ, ಬಿಸಿಯ ಗುಟ್ಟು ಅಲ್ಲೇ ಇರಬಹುದು ಎಂದು ಅವರು ಪ್ರಬಂಧ ಬರೆದರು. ಪೇಪರಿನಲ್ಲಿ ಅವರ ಫೋಟೊ ಬಂತು. ನಮ್ಮೂರಿನಲ್ಲಿ ಪೇಪರಿನಲ್ಲಿ ಬಂದವರು ಫ್ಲೆಕ್ಸಿಗೆ ಬರದೆ ಇರುವುದಿಲ್ಲ. ಬಸ್‌ಸ್ಟಾಪಿನ ಎದುರು ಛತ್ರಿ ಹಿಡಿದ ಮೇಡಂ, ಹಿಂದೆ ಧಗಧಗ ಉರಿಯುವ ಸೂರ್ಯ, ಕೆಳಗೆ ಯುವಕರ ಸಂಘದ ಅಷ್ಟೂ ಮುಖಗಳು: "ಸೂರ್ಯನ ಗುಟ್ಟು ಬಿಡಿಸಿದ ನಮ್ಮೂರ ಹೆಮ್ಮೆ". 'ಇರಬಹುದು' ಎಂಬುದಕ್ಕೆ ಜಾಗ ಸಾಲಲಿಲ್ಲವೇನೋ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮೇಡಂ ಕೆಳಗಿಳಿದು ಬಂದು ಏಣಿ ಕೇಳಿದರು. ಮುಖ ಬಾಡಿತ್ತು. ಅದೇ ಚಿತ್ರಗಳನ್ನು ಮತ್ತೆ ನೋಡುವಾಗ, ಕಮಾನಿನ ಜೊತೆಗೆ ಸೂರ್ಯನ ಅಂಚೂ ಅದೇ ಲಯದಲ್ಲಿ ಅಲುಗಾಡುತ್ತಿರುವುದು ಕಂಡಿತಂತೆ. ಅಲುಗಾಡಿದ್ದು ಕಮಾನಲ್ಲ, ಆಕಾಶದಿಂದ ಚಿತ್ರ ತೆಗೆಯುತ್ತಿದ್ದ ದೂರದರ್ಶಕ.

"ವರ್ಷಗಟ್ಲೆ ಮಾಡಿದ್ದು. ಪ್ರಬಂಧ ವಾಪಸ್ ತಗೊಂಡಿದೀನಿ ಅಂತ ಬರೆದು ಕಳಿಸ್ದೆ" ಎಂದರು. "ಇನ್ನು ಈ ಫ್ಲೆಕ್ಸ್ ಒಂದಿದೆ."

ಸಂಘದ ಅಧ್ಯಕ್ಷ ಮಂಜಣ್ಣನಿಗೆ ಇದೆಲ್ಲ ವಿಚಿತ್ರವೆನಿಸಿತು. "ಎಲೆಕ್ಷನ್ನಲ್ಲಿ ಸೋತೋರ್ದೇ ಇನ್ನೂ ಇಳ್ಸಿಲ್ಲ ಮೇಡಂ. ನಿಮ್ದು ಯಾರ್ ಕೇಳ್ತಾರೆ? ಇರ್ಲಿ ಬಿಡಿ."

"ಸುಳ್ಳು ಕಣಪ್ಪ ಅದು."

"ಫ್ಲೆಕ್ಸ್ ಅಲ್ವಾ ಮೇಡಂ" ಎಂದ ಮಂಜಣ್ಣ.

ಕೊನೆಗೆ ಮೇಡಂ ತಾವೇ ಹತ್ತಿದರು. ಅಮ್ಮ ಏಣಿ ಹಿಡಿದುಕೊಂಡಳು, ನಾನು ಕೆಳಗೆ ಬಿದ್ದ ಫ್ಲೆಕ್ಸ್ ಸುತ್ತಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಪುಕ್ಕಟೆ ನೋಡಿದರು. ಅವತ್ತು ಅಮ್ಮ ಕಳಿಸಿದ ಮುದ್ದೆ, ಸಾರು ಹಾಗೇ ವಾಪಸು ಬಂತು. ಮರುದಿನ ಮೇಡಂ ಎಂದಿನಂತೆ ಆಫೀಸಿಗೆ ಹೋದರು.

ಹೋದ ವರ್ಷ ಅವರು ತೀರಿಕೊಂಡರು. ಆ ಬಿಸಿಯ ಕಾರಣ ಕೊನೆಗೂ ಅವರಿಗೆ ಸಿಗಲಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಒಂದು ಸಾಲು ಬೇಕೆಂದು ಮಂಜಣ್ಣ ಮನೆಗೆ ಬಂದ.

"ಏನ್ ಕಂಡುಹಿಡಿದ್ರು ಅಂತ ಹಾಕ್ಸೋಣ ಅಮ್ಮ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ತಮ್ ತಪ್ಪು ತಾವೇ ಕಂಡುಹಿಡಿದ್ರು ಅಂತ ಹಾಕ್ಸಪ್ಪ" ಎಂದಳು.

ಮಂಜಣ್ಣ ಯೋಚಿಸಿದ. "ಅಂಥ ಫ್ಲೆಕ್ಸ್ ಈ ತಾಲ್ಲೂಕಲ್ಲೇ ಯಾರೂ ಹಾಕ್ಸಿಲ್ಲಮ್ಮ" ಎಂದ.

ಹೇಳಿದನಾದರೂ ಹಾಗೆಯೇ ಹಾಕಿಸಿದ. ಬಸ್ಸಿಗೆ ಕಾಯುವಾಗ ಓದುತ್ತೇನೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೇಡಂಗೆ ತೋರಿಸಬೇಕೆನಿಸುತ್ತದೆ.