ನಲವತ್ಮೂರರಲ್ಲಿ ನಾಲ್ಕೇ ಗುಟ್ಟು

ನನ್ನ ತಂಗಿ ಕಂಪೈಲರ್ ಬರೆಯುವವಳು. ಮನುಷ್ಯರು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಚಿಪ್ಪಿಗೆ ಅರ್ಥವಾಗುವಂತೆ ಮಾಡುವ ಸಾಧನ ಅದು. ಚಿಪ್ ತಯಾರಿಸುವ ಒಂದೇ ಕಂಪನಿಯಲ್ಲಿ, ಲಿಫ್ಟಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಅದನ್ನೇ ಮಾಡಿದಳು. ಎದುರಿಗೆ ಹೊಗಳಿದರೆ ಎದ್ದು ಹೋಗುತ್ತಾಳೆ.

ಮೊದಲು ಅವರು ಬಳಸುತ್ತಿದ್ದದ್ದು ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಕಂಪೈಲರ್. ಅದರ ಪರವಾನಗಿಗೆ ಒಂದು ಷರತ್ತು: ತಿದ್ದಿ ಬೇರೆಯವರಿಗೆ ಕೊಟ್ಟರೆ, ತಿದ್ದಿದ್ದರ ಮೂಲ ಕೋಡನ್ನೂ ಕೊಡಬೇಕು. ಮಾಲೀಕನಿಗೆ ಇದು ಗಂಟಲ ಮುಳ್ಳಾಗಿತ್ತು. ಅಂಥ ಷರತ್ತಿಲ್ಲದ ಇನ್ನೊಂದು ಸಿಕ್ಕಿದ್ದೇ ತಡ, ಹಳೆಯದನ್ನು ಬಿಟ್ಟ. ತಂಗಿ ಹೊಸದರಲ್ಲಿ ತಮ್ಮ ಚಿಪ್ಪಿಗಾಗಿ ನಲವತ್ಮೂರು ತಿದ್ದುಪಡಿ ಮಾಡಿದಳು. ಎಲ್ಲವೂ ಬೀಗದೊಳಗೆ.

ಆದರೆ ಆ ಕಂಪೈಲರನ್ನು ಬೆಳೆಸುತ್ತಿದ್ದ ಹೊರಗಿನ ಎಂಜಿನಿಯರುಗಳು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತಿದ್ದರು. ಪ್ರತಿ ಸಲವೂ ನಲವತ್ಮೂರನ್ನೂ ಬಿಚ್ಚಿ ಮತ್ತೆ ಹೊಲಿಯಬೇಕು. ಎರಡು ತಿಂಗಳು ಅದಕ್ಕೇ. ನಿವೃತ್ತಿಗೆ ಒಂದು ವರ್ಷ ಉಳಿದಾಗ ಅವಳಿಗೆ ಸ್ಪಷ್ಟವಾಯಿತು: ತಾನು ಹೋದಮೇಲೆ ಈ ಕೆಲಸವೆಲ್ಲ ಹಳೆಯ ಆವೃತ್ತಿಯ ಜೊತೆ ಮಣ್ಣುಪಾಲು. ನೇರ ಮಾಲೀಕನ ಬಳಿ ಹೋದಳು.

“ಇವನ್ನ ಹೊರಗಿನವರಿಗೆ ಕೊಟ್ಟುಬಿಡೋಣ ಸರ್. ಅವರ ಕಂಪೈಲರಲ್ಲೇ ಸೇರಿದ್ರೆ ಪ್ರತಿ ಆವೃತ್ತಿ ಜೊತೆ ತಾವಾಗೇ ಬರ್ತವೆ.”

“ಕೊಡ್ಲೇಬೇಕು ಅಂದಾಗ ಓಡಿ ಬಂದ್ವಿ. ಈಗ ಯಾರೂ ಕೇಳ್ತಿಲ್ಲ, ನಾವೇ ಹೋಗಿ ಕೊಡೋದಾ? ಚೆನ್ನಾಗಿದೆ ಮೇಡಂ!”

“ಒಂದು ದಿನ ನನ್ನ ಪಕ್ಕ ಕೂತ್ಕೊಳ್ಳಿ. ಆಮೇಲೆ ಬೇಡ ಅನ್ನಿ.”

ಬಂದು ಕೂತ. ಸಂಜೆಯ ಹೊತ್ತಿಗೆ ಒಂದೂವರೆ ತಿದ್ದುಪಡಿ ಹೊಂದಿಕೊಂಡಿತ್ತು. ಕುತ್ತಿಗೆ ಒತ್ತಿಕೊಳ್ಳುತ್ತಾ ಕೇಳಿದ: “ಇದರಲ್ಲಿ ನಿಜವಾದ ಗುಟ್ಟು ಎಷ್ಟಿದೆ?”

“ನಾಲ್ಕು.”

“ಮಿಕ್ಕಿದ್ದು?”

“ಬರೀ ಹೊರೆ ಸರ್.”

ಒಪ್ಪಿಗೆ ಸಿಕ್ಕಿತು. ಕಷ್ಟ ಶುರುವಾದದ್ದು ಆಮೇಲೆ. ಹೊರಗಿನವರು, ಮುಖ ಪರಿಚಯವೂ ಇಲ್ಲದವರು, ಅವಳ ಒಂದೊಂದು ಸಾಲನ್ನೂ ಜರಡಿ ಹಿಡಿದರು. ಒಂದು ತಿದ್ದುಪಡಿಯನ್ನಂತೂ ಏಳು ಸಲ ಹಿಂದಿರುಗಿಸಿದರು.

“ಈ ವಯಸ್ಸಲ್ಲಿ ಇವರ ಹತ್ರ ಬೈಸ್ಕೋಬೇಕಾ?” ಎಂದೆ.

“ಅಕ್ಕಾ, ನೀನು ಮಕ್ಕಳ ಪ್ರಬಂಧಕ್ಕೆ ಎಳೀತಿದ್ದ ಕೆಂಪು ಗೆರೆಗಿಂತ ಇವರೇ ವಾಸಿ.”

ಎಂಟನೆಯ ಸಲಕ್ಕೆ ಒಪ್ಪಿದರು.

ಅವಳ ಕೊನೆಯ ತಿಂಗಳಲ್ಲಿ ಹೊಸ ಆವೃತ್ತಿ ಬಂತು. ಮೂವತ್ತೊಂಬತ್ತು ತಿದ್ದುಪಡಿಗಳೂ ಅದರೊಳಗೇ ಇದ್ದವು. ಉಳಿದ ನಾಲ್ಕನ್ನು ಅವಳ ಜಾಗಕ್ಕೆ ಬಂದಾಕೆ ಎರಡೇ ದಿನದಲ್ಲಿ ಕೂರಿಸಿದಳು. ತಂಗಿ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳಂತೆ; ಒಮ್ಮೆಯೂ ಬಾಯಿ ಹಾಕಲಿಲ್ಲವಂತೆ. ಅದು ಅವಳಿಗೆ ಎಷ್ಟು ಕಷ್ಟದ ಕೆಲಸ ಎಂಬುದು ಜೊತೆಗೆ ಬೆಳೆದ ನನಗೆ ಗೊತ್ತು.