ಅಕ್ಕನ ರಕ್ತ ಕುಡಿದ ಜಿಗಣೆ

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ದೆವ್ವ ಕಂಡೆ ಎನ್ನುವವರಿಗೆ, ಮೊದಲು ಹೋಗಿ ಕಣ್ಣು ತೋರಿಸಿಕೊಳ್ಳಿ ಎನ್ನುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಗುವವರು ನಗಲಿ.

ರಾಯಚೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು ನಾನು. ಕೆಲವು ವರ್ಷಗಳ ಹಿಂದೆ ನಮ್ಮ ಮ್ಯೂಸಿಯಂನಲ್ಲಿ ರಕ್ತ ಹೀರುವ ಜೀವಿಗಳ ಪ್ರದರ್ಶನ ಇಟ್ಟಿದ್ದೆ. ತಿಗಣೆ, ಹೇನು, ಸೊಳ್ಳೆ, ಎಮ್ಮೆಯ ಮೈಮೇಲಿನ ಉಣ್ಣೆ ಎಲ್ಲ ಇದ್ದವು. ಬಂದ ಪ್ರತಿಯೊಬ್ಬ ಮಹಾಶಯನೂ "ನಮ್ಮ ಸಾಹೇಬ್ರ ಫೋಟೋನೂ ಹಚ್ರಿ ಮೇಡಂ" ಎಂದು ಅದೇ ಹಳಸಲು ಜೋಕು ಹೊಡೆದು, ತಾನೇ ಮೊದಲು ಹೇಳಿದವನಂತೆ ನಕ್ಕು, ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದ. ಬೋರ್ಡು ಓದಿದ ಪುಣ್ಯಾತ್ಮ ಒಬ್ಬನೂ ಇರಲಿಲ್ಲ.

ಆ ಪ್ರದರ್ಶನಕ್ಕೆ ಜೀವಂತ ಜಿಗಣೆ ಸಿಕ್ಕಿದ್ದು ನನ್ನ ಅಕ್ಕನ ಕಾಲಿನಿಂದ. ಅಕ್ಕ ಮಾನ್ವಿ ಕಡೆಯ ಬಾಗಲವಾಡದಲ್ಲಿ ಭತ್ತದ ನಾಟಿಗೆ ಹೋಗುವವಳು. ಪಾದ ಬಾತಿತ್ತೆಂದು ಜಿಗಣೆ ಚಿಕಿತ್ಸೆ ಮಾಡುವ ಮಾನ್ವಿಯ ಒಬ್ಬ ಚಾಚಾನನ್ನು ಕರೆಸಿ ಜಿಗಣೆ ಹಚ್ಚಿಸಿಕೊಂಡಿದ್ದಳು. ಕೆಟ್ಟ ರಕ್ತ ಕುಡಿದ ಜಿಗಣೆಯನ್ನು, ಹಿಡಿದು ತಂದ ಕಾಲುವೆಗೇ ಮರಳಿ ಬಿಡುವುದು ಅವರ ಪದ್ಧತಿ. ಅಂದು ಅಕ್ಕನನ್ನು ನೋಡಲು ಹೋಗಿದ್ದ ನಾನು ಗಾಜಿನ ಜಾಡಿ ಮುಂದೆ ಹಿಡಿದೆ.

"ತಂದ ನೀರಿಗೇ ಬಿಡಬೇಕ್ರಿ ಮೇಡಂ. ಇಲ್ಲಾಂದ್ರ ಕಚ್ಚಿದ ಗಾಯದ ಬಾಯಿ ಮುಚ್ಚಂಗಿಲ್ಲ," ಎಂದ ಚಾಚಾ.

ಅಯ್ಯೋ ಇವರ ಬುದ್ಧಿಯೇ! ಜಿಗಣೆಯ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಸಂಜೆಯವರೆಗೆ ಸೋರಿ ತಾನೇ ನಿಲ್ಲುತ್ತದೆ ಎಂದು ಇಬ್ಬರಿಗೂ ಪಾಠ ಮಾಡಿ, ಜಾಡಿ ಹಿಡಿದು ಬಸ್ಸು ಹತ್ತಿದೆ.

ಅಕ್ಕನ ರಕ್ತ ನಿಲ್ಲಲಿಲ್ಲ. ಪಟ್ಟಿ ಕಟ್ಟಿದರು, ಹೊಲಿಗೆ ಹಾಕಿದರು, ಕೊನೆಗೆ ರಾಯಚೂರಿನ ಆಸ್ಪತ್ರೆಗೆ ತಂದರು. ಪರೀಕ್ಷೆಗಳಲ್ಲಿ ಯಾವ ದೋಷವೂ ಇಲ್ಲ, ಪಟ್ಟಿ ಮಾತ್ರ ಒದ್ದೆ. ಇತ್ತ ಮ್ಯೂಸಿಯಂನಲ್ಲಿ ಏನೂ ತಿನ್ನದ ಜಿಗಣೆ ದಿನದಿನಕ್ಕೆ ದಪ್ಪವಾಗುತ್ತಿತ್ತು. ನೀರು ಹೀರಿರಬೇಕು ಎಂದುಕೊಂಡೆ. ವಿದ್ಯಾರ್ಥಿ ಯಾರಾದರೂ ಹಾಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಅಕ್ಕನಿಗೆ ರಕ್ತ ಏರಿಸತೊಡಗಿದರು. ಸುಣ್ಣದಂತಾದ ಮುಖ ಇತ್ತ ತಿರುಗಿಸಿ ಕೇಳಿದಳು: "ಹಿಂಗಾದ್ರ ನಾ ಉಳಿಯಂಗಿಲ್ಲ ಬೇ. ನಿನಗ ಆ ಜಿಗಣಿ ಬೇಕೋ, ನಾ ಬೇಕೋ?"

ಮರುದಿನ ಮಟಮಟ ಮಧ್ಯಾಹ್ನ, ಚಾಚಾ ಜಿಗಣೆ ಹಿಡಿದಿದ್ದ ಬಾಗಲವಾಡದ ಕಾಲುವೆ ದಂಡೆಯಲ್ಲಿ ನಿಂತಿದ್ದೆ. ಪರಿಚಯದವರು ಯಾರಾದರೂ ನೋಡಿಯಾರು ಎಂದು ಸೆರಗು ತಲೆ ಮೇಲೆ ಎಳೆದುಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆ. ಜಾಡಿ ಬಗ್ಗಿಸಿದರೆ ಆ ದರಿದ್ರದ್ದು ನೀರಿಗೆ ಬೀಳದೆ ನನ್ನ ಬೆರಳಿಗೇ ಅಂಟಿ ಕಚ್ಚಿತು. ಥೂ ಎಂದು ಕಿತ್ತು ಕಾಲುವೆಗೆ ಎಸೆದೆ.

ಬಸ್ಸಿಗೆ ಕಾಯುತ್ತಿರುವಾಗ ಅಕ್ಕನ ಫೋನು ಬಂತು. "ತಂಗೀ, ರಕ್ತ ನಿಂತ್ತು ಬೇ! ಈಗಿನ್ನ ನಿಂತ್ತು. ಎಲ್ಲಿದ್ದಿ?"

"ಕಾಲೇಜಿನ್ಯಾಗ," ಎಂದೆ.

ಹೊಲಿಗೆಯೇ ಕೊನೆಗೆ ಹಿಡಿದಿರಬೇಕು, ಔಷಧ ತಡವಾಗಿ ಕೆಲಸ ಮಾಡಿರಬೇಕು. ನೀವು ಹೇಳುವುದನ್ನೆಲ್ಲ ನಾನೂ ಹೇಳಿಕೊಂಡಿದ್ದೇನೆ. ಇವತ್ತಿಗೂ ಯಾವುದೂ ಒಪ್ಪಿಗೆಯಾಗಿಲ್ಲ. ಯಾಕೆಂದರೆ ನನ್ನ ಬೆರಳಿನ ಮೇಲೆ ಹಲ್ಲಿನ ಗುರುತು ಸ್ಪಷ್ಟವಾಗಿತ್ತು, ನಾನೇ ಮಾಡಿದ ಪಾಠದ ಪ್ರಕಾರ ಅದು ಸಂಜೆಯವರೆಗಾದರೂ ಸೋರಬೇಕಿತ್ತು. ಬಸ್ಸಿನಲ್ಲಿ ಕೂತು ರಾಯಚೂರು ಬರುವ ತನಕ ಆ ಬೆರಳನ್ನು ಹಿಂಡಿ ಹಿಂಡಿ ನೋಡಿದೆ. ಒಂದು ಹನಿ ರಕ್ತ ಬರಲಿಲ್ಲ.